ತರಂಗಂಬಾಡಿಯ ಪುಟ್ಟ ಕೋಟೆಗೆ ಎರಡು ದಿನ

ಅಪ್ಪನ ಅರವತ್ತರ ಶಾಂತಿಯನ್ನು ತಮಿಳುನಾಡಿನ ತಿರುಕ್ಕಡೈಯೂರಿನಲ್ಲೇ ಮಾಡಿಸಬೇಕು ಅಂತ ಅಮ್ಮನ ಆಸೆ. ಮೈಸೂರಿನಿಂದ ಹೊರಟು ಬೆಂಗಳೂರಿನ ಮೇಲೆ ಹೋಗುವ ರಾತ್ರಿ ರೈಲು ಹಿಡಿದು ಮಯಿಲಾಡುತುರೈಯಲ್ಲಿ ಇಳಿದೆವು. ಗುರುವಾರ ಪೂಜೆ ಚೆನ್ನಾಗಿ ಆಯಿತು. ಅಲ್ಲಿಂದ ಹತ್ತು ಕಿಲೋಮೀಟರ್ ಒಳಗೇ ತರಂಗಂಬಾಡಿ. ಅಲ್ಲಿ ಡೆನ್ಮಾರ್ಕಿನವರು ಕಟ್ಟಿದ ಕೋಟೆ ಇದೆ, ಹೆಸರು ಡಾನ್ಸ್‌ಬೋರ್ಗ್. ಇಷ್ಟು ಹತ್ತಿರ ಬಂದು ನೋಡದೆ ಹೋಗುವುದು ನನಗೆ ಸರಿ ಕಾಣಲಿಲ್ಲ. ಮರುದಿನವೇ ಮೂವರೂ ಬಸ್ಸು ಹತ್ತಿದೆವು.

ಕೋಟೆಯ ಬಾಗಿಲು ಹಾಕಿತ್ತು. ಶುಕ್ರವಾರ ಅಲ್ಲಿ ರಜೆ. ನಾನು ಮೊದಲೇ ವಿಚಾರಿಸಬೇಕಿತ್ತು. ಹೋಗುವವರು ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಅಮ್ಮನ ಮುಖ ಸಣ್ಣಗಾಯಿತು. ಆದರೆ ಅಪ್ಪ, "ರಾತ್ರಿ ಇಲ್ಲೇ ಇದ್ದು ನಾಳೆ ನೋಡೋಣ, ಏನವಸರ" ಅಂದರು. ಒಂದು ಸಣ್ಣ ಲಾಡ್ಜ್ ಸಿಕ್ಕಿತು.

ಈಗ ಯೋಚಿಸಿದರೆ ಹಾಗಾದದ್ದೇ ಒಳ್ಳೆಯದು. ಕೋಟೆ ಚಿಕ್ಕದು. ನೇರ ಒಳಗೆ ಹೋಗಿದ್ದರೆ ಅರ್ಧ ಗಂಟೆಯಲ್ಲಿ ಮುಗಿಸಿ, ನಾಲ್ಕು ಫೋಟೋ ತೆಗೆದು ಬಂದುಬಿಡುತ್ತಿದ್ದೆವು. ಬಾಗಿಲು ಹಾಕಿದ್ದರಿಂದ ಊರನ್ನು ನಡೆದು ನೋಡಿದೆವು. ಊರೊಳಗೆ ಬರುವಾಗ 1792ರಲ್ಲಿ ಕಟ್ಟಿದ ಬಿಳಿ ಹೆಬ್ಬಾಗಿಲು ಸಿಗುತ್ತದೆ. ಅದರಿಂದ ಸಮುದ್ರದವರೆಗೂ ನೇರವಾಗಿ ಒಂದೇ ಬೀದಿ. ಅಕ್ಕಪಕ್ಕ ಹಳೇ ಚರ್ಚುಗಳು, ಎತ್ತರದ ಕಂಬಗಳ ಮನೆಗಳು. ಜರ್ಮನಿಯ ಪಾದ್ರಿ ಸೀಗನ್‌ಬಾಲ್ಗ್ 1706ರಲ್ಲಿ ಬಂದು ಇಳಿದದ್ದು ಈ ಊರಿಗೇ. ತಮಿಳು ಕಲಿತು, ಇಲ್ಲೇ ಅಚ್ಚುಕೂಟ ಇಟ್ಟು ತಮಿಳು ಪುಸ್ತಕ ಅಚ್ಚು ಹಾಕಿಸಿದ.

ಬೀದಿಯ ಕೊನೆಗೆ, ಕೋಟೆಯ ಉತ್ತರಕ್ಕೆ ಮಾಸಿಲಾಮಣಿನಾಥರ ಗುಡಿ. 1306ರಲ್ಲಿ ಪಾಂಡ್ಯ ರಾಜನ ಕಾಲದಲ್ಲಿ ಕಟ್ಟಿದ್ದು. ಗುಡಿಯ ಮುಂಭಾಗವನ್ನು ಸಮುದ್ರ ವರ್ಷ ವರ್ಷ ಕೊರೆದು ತಿಂದಿದೆ. ಈಗ ದಡಕ್ಕೆ ದೊಡ್ಡ ಬಂಡೆ ಪೇರಿಸಿದ್ದಾರೆ. 2004ರ ಡಿಸೆಂಬರ್ 26ರ ಸುನಾಮಿ ಈ ಊರಿಗೂ ಬಡಿಯಿತು. ಅಮ್ಮ ಗುಡಿಗೆ ಕೈ ಮುಗಿದು ತುಂಬಾ ಹೊತ್ತು ಅಲ್ಲೇ ಕೂತರು. ಇಷ್ಟು ನೋಡಿದ ಮೇಲೆ, ನಾಲ್ಕುನೂರು ವರ್ಷ ಆ ನೀರಿನ ಎದುರು ನಿಂತ ಕೋಟೆಯ ಮೇಲೆ ನನಗೆ ಗೌರವ ಜಾಸ್ತಿಯಾಯಿತು.

ಶನಿವಾರ ಬೆಳಗಿನ ಜಾವವೇ ಎದ್ದೆವು. ನಮ್ಮ ಕಡೆ ಸೂರ್ಯ ಸಮುದ್ರದಲ್ಲಿ ಮುಳುಗುತ್ತಾನೆ, ಇಲ್ಲಿ ಸಮುದ್ರದಿಂದ ಮೇಲೆ ಬರುತ್ತಾನೆ. ಕೋಟೆಯ ಮುಖ ಪೂರ್ವಕ್ಕೆ. ಹಾಗಾಗಿ ಬೆಳಗಿನ ಬಿಸಿಲು ಪೂರ್ತಿ ಗೋಡೆಯ ಮೇಲೇ ಬೀಳುತ್ತದೆ. ಮರಳಿಗೆ ಇಳಿದು ದೂರದಿಂದ ನೋಡಬೇಕಾದ ಹೊತ್ತು ಅದೇ. ಹಡಗಿನಿಂದ ಬರುವವನಿಗೆ ಇದು ಹೇಗೆ ಕಾಣುತ್ತಿತ್ತು ಅಂತ ಅಲ್ಲಿ ನಿಂತರೇ ಗೊತ್ತಾಗುವುದು. ನಾವು ಹೋದದ್ದು ಜನವರಿ. ಆ ಕಡೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜೋರು ಮಳೆ. ಆಮೇಲೆ ಹೋದರೆ ಬಿಸಿಲೂ ಅಷ್ಟು ಸುಡುವುದಿಲ್ಲ.

ಬಾಗಿಲು ತೆರೆದ ಮೇಲೆ ಕೆಳಗಿನ ಕೋಣೆಗಳಿಂದ ಶುರುಮಾಡಿದೆವು. ಕಮಾನಿನ ಚಾವಣಿ, ದಪ್ಪ ಗೋಡೆ, ಒಳಗೆ ತಂಪು. ಇಲ್ಲಿ ಸರಕು ಇಡುತ್ತಿದ್ದರು, ಸಿಪಾಯಿಗಳು ಇರುತ್ತಿದ್ದರು, ಸೆರೆಮನೆಯೂ ಇತ್ತು. ಅಪ್ಪ ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಗೋಡೆ ಮುಟ್ಟಿ ನೋಡಿದರು, ಗಾಳಿ ಎಲ್ಲಿಂದ ಬರುತ್ತದೆ ಅಂತ ನೋಡಿದರು. ಆಮೇಲೆ, "ಇದು ಮಂಡಿ ಕಣೇ. ಸುತ್ತ ಕೋಟೆ ಕಟ್ಟಿದ್ದಾರೆ ಅಷ್ಟೇ" ಅಂದರು.

ಅಪ್ಪ ಹೇಳಿದ್ದು ಸರಿ. ಡೆನ್ಮಾರ್ಕಿನವರು 1616ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಟ್ಟಿದರು. ಓವೆ ಗೆಡ್ಡೆ ಎಂಬ ಇಪ್ಪತ್ತರ ಹರೆಯದ ಅಡ್ಮಿರಲ್ ಹಡಗು ತಂದದ್ದು ಸಿಂಹಳಕ್ಕೆ ಅಂತ. ಅಲ್ಲಿ ಕೆಲಸ ಆಗಲಿಲ್ಲ. 1620ರಲ್ಲಿ ತಂಜಾವೂರಿನ ರಘುನಾಥ ನಾಯಕ ಈ ಜಾಗ ಕೊಟ್ಟ. ಬಾಡಿಗೆ ವರ್ಷಕ್ಕೆ 3,111 ರೂಪಾಯಿ. ಅವರಿಗೆ ಮುಖ್ಯವಾಗಿ ಬೇಕಿದ್ದದ್ದು ಕಾಳುಮೆಣಸು.

ಮೇಲಿನ ಮಹಡಿಯಲ್ಲಿ ಗವರ್ನರ್, ಪಾದ್ರಿ ಇರುತ್ತಿದ್ದರು. ಈಗ ಅಲ್ಲಿ ಮ್ಯೂಸಿಯಂ. ಚೀನಾದ ಜಾಡಿಗಳು, ಕತ್ತಿಗಳು, ಸಣ್ಣ ಫಿರಂಗಿ ಗುಂಡುಗಳು, ಹಳೇ ಕಾಗದಪತ್ರ. ತಿಮಿಂಗಿಲದ ಮೂಳೆಗಳೂ ಇವೆ. ನಾನು ಇವುಗಳ ಮುಂದೆ ಜಾಸ್ತಿ ನಿಲ್ಲಲಿಲ್ಲ. ಹೊರಗೆ ಬಂದು, ಸಮುದ್ರದ ಕಡೆಯ ಫಿರಂಗಿಗಳ ಪಕ್ಕ ಕೂತೆ. ಈ ಕೋಟೆಯ ಕತೆಯಲ್ಲಿ ನನ್ನನ್ನು ಹಿಡಿದಿಟ್ಟ ಮನುಷ್ಯನ ಬಗ್ಗೆ ಅಪ್ಪನಿಗೆ ಹೇಳಬೇಕಿತ್ತು.

ಅವನ ಹೆಸರು ಎಸ್ಕಿಲ್ಡ್ ಆಂಡರ್ಸನ್ ಕೋಂಗ್ಸ್‌ಬಾಕೆ. ಯುರೋಪಿನ ಯುದ್ಧಗಳಿಂದ ಡೆನ್ಮಾರ್ಕ್ ಬಡವಾಯಿತು, ಕಂಪನಿ ಮುಳುಗಿತು. ಎರಡು ದಶಕಕ್ಕೂ ಹೆಚ್ಚು ಕಾಲ ಊರಿಂದ ಒಂದೇ ಒಂದು ಹಡಗೂ ಬರಲಿಲ್ಲ. ಜೊತೆಗಿದ್ದವರು ಸತ್ತರು, ಕೆಲವರು ಬಿಟ್ಟುಹೋದರು. 1655ರ ಹೊತ್ತಿಗೆ ಅಲ್ಲಿ ಉಳಿದ ಡೆನ್ಮಾರ್ಕಿನವನು ಅವನೊಬ್ಬನೇ. ದೊಡ್ಡ ಮನೆತನದವನೂ ಅಲ್ಲ. ಸ್ಥಳೀಯರನ್ನು ಜೊತೆಗಿಟ್ಟುಕೊಂಡು ಕೋಟೆ ಕಾಯ್ದ, ಊರಿನ ಸುತ್ತ ಗೋಡೆ ಎಬ್ಬಿಸಿದ. 1669ರಲ್ಲಿ ಕೊನೆಗೂ ಒಂದು ಹಡಗು ಬಂತು. ಬಂದವರು ನೋಡಿದರೆ ಕೋಟೆ ಇನ್ನೂ ಅವರ ಕೈಯಲ್ಲೇ ಇತ್ತು! ನಾವು ಕೂತಿದ್ದ ಜಾಗದಿಂದ ಕಾಣುತ್ತಿದ್ದದ್ದು ಬರೀ ನೀರು, ಎರಡು ಮೀನಿನ ದೋಣಿ. ಅವನೂ ಇದನ್ನೇ ದಿನಾ ನೋಡುತ್ತಿದ್ದ ಅಲ್ವಾ ಅನ್ನಿಸಿ ಮೈ ಜುಮ್ಮೆಂದಿತು.

ಅಪ್ಪ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಅಷ್ಟು ವರ್ಷದ ಲೆಕ್ಕ ಯಾರಿಗೆ ಒಪ್ಪಿಸಿದ?"

ನನ್ನ ಹತ್ತಿರ ಉತ್ತರ ಇರಲಿಲ್ಲ. 1845ರಲ್ಲಿ ಇದನ್ನೂ ಬಂಗಾಳದ ಸೆರಾಂಪುರವನ್ನೂ ಸೇರಿಸಿ ಹನ್ನೆರಡೂವರೆ ಲಕ್ಷ ರೂಪಾಯಿಗೆ ಬ್ರಿಟಿಷರಿಗೆ ಮಾರಿದರು ಎಂದು ಹೇಳಿದೆ. ಅಮ್ಮ ಕೆಳಗಿನಿಂದ ಬಸ್ಸಿಗೆ ಹೊತ್ತಾಯಿತು ಅಂತ ಕೂಗಿದರು.

ಸಂಜೆ ರೈಲಿನಲ್ಲಿ ಅಪ್ಪ ಪೂಜೆಯ ರಸೀದಿಯ ಹಿಂದೆ ಏನೋ ಬರೆಯುತ್ತಾ ಕೂತಿದ್ದರು. 225 ವರ್ಷ, ವರ್ಷಕ್ಕೆ 3,111. ಬಾಡಿಗೆ ಬದಲಾಗಲೇ ಇಲ್ಲ ಅಂತ ಇಟ್ಟುಕೊಂಡರೆ 6,99,975. "ಏಳು ಲಕ್ಷಕ್ಕೆ ಇಪ್ಪತ್ತೈದೇ ರೂಪಾಯಿ ಕಮ್ಮಿ ನೋಡು" ಎಂದು ರಸೀದಿಯನ್ನು ನನ್ನ ಕೈಗೆ ಕೊಟ್ಟರು.