ಐವಿ: ಭಾಗಿಸುವ ಮೊದಲು ನಾನು ನೋಡುವ ಎರಡು ಸಂಖ್ಯೆ

ಇನ್‌ಸ್ಟ್ರುಮೆಂಟಲ್ ವೇರಿಯಬಲ್, ಅಂದರೆ ಐವಿ (ಒಂದು ಕಾರಣದ ಪರಿಣಾಮವನ್ನು ಹೊರಗಿನ ಮತ್ತೊಂದು ಅಂಶದ ಸಹಾಯದಿಂದ ಅಳೆಯುವ ವಿಧಾನ) ಕಲಿಯಬೇಕು ಅಂತ ಯಾರಾದರೂ ಬಂದರೆ ನಾನು ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ ಬಳಸಿದ ಡೇಟಾವನ್ನೇ ಮುಂದಿಡುತ್ತೇನೆ. ನಾನು ಕಲಿತದ್ದೂ ಅದರಲ್ಲೇ. ಅಮೆರಿಕದ 3010 ಯುವಕರು. ಸರ್ವೆ ಶುರುವಾದದ್ದು 1966ರಲ್ಲಿ, ಸಂಬಳದ ಲೆಕ್ಕ 1976ರದ್ದು. ಪ್ರಶ್ನೆ ಇಷ್ಟೇ: ಒಂದು ವರ್ಷ ಜಾಸ್ತಿ ಓದಿದರೆ ಸಂಬಳ ಎಷ್ಟು ಏರುತ್ತದೆ?

ಸಾಮಾನ್ಯ ರಿಗ್ರೆಷನ್ (ಓದು ಒಂದು ವರ್ಷ ಏರಿದರೆ ಸಂಬಳ ಎಷ್ಟು ಬದಲಾಗುತ್ತದೆ ಅಂತ ಡೇಟಾದಿಂದ ಅಂದಾಜಿಸುವ ಲೆಕ್ಕ) 0.075 ಅನ್ನುತ್ತದೆ. ಸಂಬಳ ಲಾಗ್‌ನಲ್ಲಿ ಇರುವುದರಿಂದ ಸುಮಾರು ಏಳೂವರೆ ಶೇಕಡಾ. ಆದರೆ ಜಾಸ್ತಿ ಓದಿದವರು ಮೊದಲಿನಿಂದಲೂ ಚುರುಕಿನವರು, ಅನುಕೂಲ ಇದ್ದ ಮನೆಯವರು ಇರಬಹುದು ಅಲ್ವಾ? ಹಾಗಾಗಿ ಈ ಸಂಖ್ಯೆಯಲ್ಲಿ ಓದಿನ ಪಾಲೆಷ್ಟು, ಉಳಿದದ್ದರ ಪಾಲೆಷ್ಟು ಗೊತ್ತಾಗುವುದಿಲ್ಲ. ಕಾರ್ಡ್ ಹಿಡಿದ ದಾರಿ ಬೇರೆ. ಹುಡುಗ ಬೆಳೆದ ಜಾಗದ ಹತ್ತಿರ ನಾಲ್ಕು ವರ್ಷದ ಕಾಲೇಜು ಇತ್ತೇ ಅಂತ ನೋಡಿದರು. ಹತ್ತಿರ ಇದ್ದರೆ ಓದು ಮುಂದುವರಿಯುವ ಸಾಧ್ಯತೆ ಜಾಸ್ತಿ. ಕಾಲೇಜು ಹತ್ತಿರ ಇದೆ ಅನ್ನುವ ಒಂದೇ ಕಾರಣಕ್ಕೆ ಯಾರೂ ಸಂಬಳ ಏರಿಸುವುದಿಲ್ಲ. ಈ ಸಾಮೀಪ್ಯವೇ ಇಲ್ಲಿ ಇನ್‌ಸ್ಟ್ರುಮೆಂಟ್.

ನಾನು ನೇರವಾಗಿ ಐವಿ ಕಮಾಂಡ್ ಕೊಡುವುದಿಲ್ಲ. ಮೊದಲು ಎರಡು ಸಾದಾ ರಿಗ್ರೆಷನ್ ಓಡಿಸುತ್ತೇನೆ. ಓದಿದ ವರ್ಷಗಳ ಮೇಲೆ ಕಾಲೇಜಿನ ಸಾಮೀಪ್ಯದ ಪರಿಣಾಮ: 0.320. ಇದು ಫಸ್ಟ್ ಸ್ಟೇಜ್. ಸಂಬಳದ ಮೇಲೆ ಅದೇ ಸಾಮೀಪ್ಯದ ಪರಿಣಾಮ: 0.042. ಇದು ರೆಡ್ಯೂಸ್ಡ್ ಫಾರ್ಮ್. ಎರಡರಲ್ಲೂ ಕಂಟ್ರೋಲ್‌ಗಳು (ಜೊತೆಗೆ ಲೆಕ್ಕಕ್ಕೆ ಸೇರಿಸುವ ಪ್ರದೇಶ, ನಗರವಾಸದಂಥ ಇತರ ಅಂಶಗಳು) ಒಂದೇ ಇರಬೇಕು. ಈಗ 0.042 ಅನ್ನು 0.320ರಿಂದ ಭಾಗಿಸಿ. 0.131 ಬರುತ್ತದೆ. ಸಾಫ್ಟ್‌ವೇರ್ 0.132 ಅಂತ ತೋರಿಸುತ್ತದೆ, ದಶಮಾಂಶ ಕತ್ತರಿಸಿದ್ದರಿಂದ ಬಂದ ವ್ಯತ್ಯಾಸ. ಇನ್‌ಸ್ಟ್ರುಮೆಂಟ್ ಒಂದೇ ಇದ್ದಾಗ ಐವಿ ಅಂದರೆ ಈ ಭಾಗಾಕಾರ, ಬೇರೇನೂ ಇಲ್ಲ. ರೆಡ್ಯೂಸ್ಡ್ ಫಾರ್ಮ್‌ನಲ್ಲಿ ಏನೂ ಕಾಣದಿದ್ದರೆ ಐವಿ ಅದನ್ನು ಎಲ್ಲಿಂದಲೂ ಹುಟ್ಟಿಸಿ ಕೊಡುವುದಿಲ್ಲ.

ಅಂದಹಾಗೆ, ಫಸ್ಟ್ ಸ್ಟೇಜ್‌ನ ಅಂದಾಜನ್ನು ಕೈಯಾರೆ ಎರಡನೇ ರಿಗ್ರೆಷನ್‌ಗೆ ಹಾಕಿದರೆ ಗುಣಾಂಕ ಸರಿ ಬರುತ್ತದೆ, ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಅಲುಗಾಡಬಹುದು ಅನ್ನುವ ಅಳತೆ) ತಪ್ಪು ಬರುತ್ತದೆ. ಕೊನೆಯ ಲೆಕ್ಕ ಕಮಾಂಡ್‌ಗೇ ಬಿಡಿ.

ಆಮೇಲೆ ಛೇದದ, ಅಂದರೆ ಫಸ್ಟ್ ಸ್ಟೇಜ್‌ನ, ಬಲ ನೋಡುತ್ತೇನೆ. 0.320ರ ಸ್ಟ್ಯಾಂಡರ್ಡ್ ಎರರ್ 0.088, ಅಂದರೆ ಇನ್‌ಸ್ಟ್ರುಮೆಂಟ್‌ನ ಬಲ ಅಳೆಯುವ ಎಫ್ (ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದ್ದು) ಸುಮಾರು 13. ಎಫ್ 10 ದಾಟಿದರೆ ಸಾಕು ಅನ್ನುವ ಮಾತು ಸ್ಟೇಗರ್ ಮತ್ತು ಸ್ಟಾಕ್ ಅವರ 1997ರ ಪ್ರಬಂಧದಿಂದ ಬಳಕೆಗೆ ಬಂತು. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಒಂದೇ ಇನ್‌ಸ್ಟ್ರುಮೆಂಟ್ ಇದ್ದಾಗ, ಅಂದಾಜನ್ನು ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸಿ 1.96 ದಾಟಿತೇ ಅಂತ ನೋಡುವ ಮಾಮೂಲಿ ಪರೀಕ್ಷೆ ನಿಜಕ್ಕೂ 5 ಶೇಕಡಾ ಮಟ್ಟದಲ್ಲಿ ನಿಲ್ಲಬೇಕಾದರೆ ಎಫ್ 104.7 ದಾಟಬೇಕು ಅಂತ ಲೀ ಮತ್ತು ಸಂಗಡಿಗರು 2022ರಲ್ಲಿ ತೋರಿಸಿದರು. ನಮ್ಮ 13 ಎಲ್ಲಿ, ಅದೆಲ್ಲಿ! ಡೇಟಾ ದೊಡ್ಡದಿದ್ದರೆ ಪಾರಾಗಬಹುದು ಅಂತಲೂ ಅಲ್ಲ. ಹುಟ್ಟಿದ ತ್ರೈಮಾಸಿಕವನ್ನು (ವರ್ಷದ ಯಾವ ಮೂರು ತಿಂಗಳಲ್ಲಿ ಹುಟ್ಟಿದರು ಅನ್ನುವುದನ್ನು) ಇನ್‌ಸ್ಟ್ರುಮೆಂಟ್ ಮಾಡಿಕೊಂಡ ಆಂಗ್ರಿಸ್ಟ್ ಮತ್ತು ಕ್ರೂಗರ್ ಅವರ 1991ರ ಕೆಲಸದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಇದ್ದರು. 1995ರಲ್ಲಿ ಬೌಂಡ್, ಜೇಗರ್ ಮತ್ತು ಬೇಕರ್ ಸುಮ್ನೆ ಮನಬಂದಂತೆ ತ್ರೈಮಾಸಿಕ ಹಂಚಿ ನೋಡಿದರು. ಅರ್ಥವೇ ಇಲ್ಲದ ಆ ಇನ್‌ಸ್ಟ್ರುಮೆಂಟ್‌ನಿಂದಲೂ ನಂಬುವಂಥ ಉತ್ತರವೇ ಬಂತು.

ಹಾಗಾಗಿ ನಾನು 1949ರ ಆಂಡರ್ಸನ್–ರೂಬಿನ್ ವಿಧಾನದ ವ್ಯಾಪ್ತಿಯನ್ನು (ನಿಜವಾದ ಉತ್ತರ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನುವ ಕಾನ್ಫಿಡೆನ್ಸ್ ಇಂಟರ್ವಲ್) ಕೊಡುತ್ತೇನೆ. ಇನ್‌ಸ್ಟ್ರುಮೆಂಟ್ ದುರ್ಬಲವಾಗಿದ್ದರೂ ಅದು ಕೈಕೊಡುವುದಿಲ್ಲ. ಮಾಮೂಲಿ ವ್ಯಾಪ್ತಿ 0.024ರಿಂದ 0.24ರವರೆಗೆ. ಆಂಡರ್ಸನ್–ರೂಬಿನ್‌ನಲ್ಲಿ ಕೆಳಗಿನ ತುದಿ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ, ಮೇಲಿನದು 0.28 ದಾಟುತ್ತದೆ.

ಹೆಚ್ಚು ಹೊತ್ತು ಹಿಡಿಯುವುದು ಇವುಗಳಲ್ಲಿ ಯಾವುದೂ ಅಲ್ಲ. ಕಾಲೇಜಿನ ಸಾಮೀಪ್ಯ ಓದಿನ ಮೂಲಕ ಮಾತ್ರ ಸಂಬಳ ಮುಟ್ಟುತ್ತದೆ ಅನ್ನುವುದನ್ನು ಯಾವ ಪರೀಕ್ಷೆಯೂ ಪೂರ್ತಿ ಸಾಬೀತು ಮಾಡುವುದಿಲ್ಲ. ಅದಕ್ಕೇ ಒಂದು ಹಾಳೆ ತೆಗೆದುಕೊಂಡು, ಓದನ್ನು ಬಿಟ್ಟು ಬೇರೆ ಯಾವ ದಾರಿಗಳಿವೆ ಅಂತ ಬರೆಯುತ್ತಾ ಹೋಗುತ್ತೇನೆ. ಇಲ್ಲಿ ಮೊದಲಿಗೇ ಬರುವುದು ನಗರ. ಕಾಲೇಜು ಇರುವುದು ಹೆಚ್ಚಾಗಿ ನಗರದಲ್ಲಿ, ಸಂಬಳವೂ ಅಲ್ಲೇ ಜಾಸ್ತಿ. ಯಾವ ಕಂಟ್ರೋಲ್ ಇಲ್ಲದೆ ಐವಿ ಓಡಿಸಿದರೆ 0.188 ಬರುತ್ತದೆ. ಜನಾಂಗ, ಅನುಭವ, ಪ್ರದೇಶ, ನಗರವಾಸ ಸೇರಿಸಿದಾಗ 0.132ಕ್ಕೆ ಇಳಿಯುತ್ತದೆ. ಇಷ್ಟು ಇಳಿಯಿತು ಅಂದರೆ ಬೇರೆ ದಾರಿಗಳು ಇದ್ದದ್ದು ನಿಜ. ಇನ್ನೂ ಎಷ್ಟು ಉಳಿದಿವೆ ಅನ್ನುವುದೇ ಪ್ರಶ್ನೆ.

ಇದಕ್ಕೆ ಈ ಡೇಟಾದಲ್ಲೇ ಒಂದು ಒಳ್ಳೆಯ ತಪಾಸಣೆ ಇದೆ. ಕೆಲವರ ಐಕ್ಯೂ ಅಂಕ ಸಿಗುತ್ತದೆ. ಅದನ್ನು ಸಾಮೀಪ್ಯದ ಮೇಲೆ ರಿಗ್ರೆಸ್ ಮಾಡಿದರೆ ಕಾಲೇಜಿನ ಹತ್ತಿರ ಬೆಳೆದವರ ಅಂಕ ಸ್ಪಷ್ಟವಾಗಿ ಜಾಸ್ತಿ. 1966ರ ಪ್ರದೇಶ ಮತ್ತು ನಗರವಾಸ ಸೇರಿಸಿ ನೋಡಿ, ಆ ಸಂಬಂಧ ಹೆಚ್ಚುಕಡಿಮೆ ಮಾಯವಾಗುತ್ತದೆ. ಈ ಕಂಟ್ರೋಲ್‌ಗಳು ಯಾಕೆ ಬೇಕು ಅಂತ ಕೇಳುವವರಿಗೆ ನಾನು ಬಾಯಿಮಾತಿನ ಬದಲು ಈ ಟೇಬಲ್ ತೋರಿಸುತ್ತೇನೆ. ಅನುಭವದ್ದು ಮಾತ್ರ ಇನ್ನೊಂದು ತಲೆನೋವು. ಅದನ್ನು ವಯಸ್ಸಿನಿಂದ ಓದಿನ ವರ್ಷ ಕಳೆದು ಲೆಕ್ಕ ಹಾಕಿರುತ್ತಾರೆ, ಹಾಗಾಗಿ ಓದಿನ ರೋಗ ಅದಕ್ಕೂ ಅಂಟಿರುತ್ತದೆ. ಕಾರ್ಡ್ ಅದಕ್ಕೆ ವಯಸ್ಸು ಮತ್ತು ವಯಸ್ಸಿನ ಸ್ಕ್ವೇರ್ (ವಯಸ್ಸು × ವಯಸ್ಸು) ಅನ್ನು ಇನ್‌ಸ್ಟ್ರುಮೆಂಟ್ ಆಗಿ ಬಳಸಿದ್ದರು.

ಇಷ್ಟಾದ ಮೇಲೆ ಎಲ್ಲರೂ ಕೇಳುವುದು ಒಂದೇ. ಓದಿನ ಲಾಭ 13 ಶೇಕಡಾನೇ, ಏಳೂವರೆ ಅಲ್ಲವೇ? ಇಂಬೆನ್ಸ್ ಮತ್ತು ಆಂಗ್ರಿಸ್ಟ್ 1994ರಲ್ಲಿ ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. (ಕಾರ್ಡ್ ಜೊತೆ ಈ ಇಬ್ಬರಿಗೂ 2021ರ ನೊಬೆಲ್ ಬಂತು.) ಐವಿ ಅಳೆಯುವುದು ಎಲ್ಲರ ಸರಾಸರಿಯನ್ನಲ್ಲ. ಕಾಲೇಜು ಹತ್ತಿರ ಇದ್ದದ್ದಕ್ಕೇ ಓದು ಮುಂದುವರಿಸಿದವರ ಲಾಭವನ್ನು. ದೂರ ಇದ್ದರೂ ಹೋಗುತ್ತಿದ್ದವರು, ಪಕ್ಕದಲ್ಲೇ ಇದ್ದರೂ ಹೋಗದವರು ಈ ಲೆಕ್ಕದಲ್ಲಿ ಬರುವುದಿಲ್ಲ. ಸಾಮೀಪ್ಯದ ಪರಿಣಾಮ ಅನುಕೂಲ ಕಡಿಮೆ ಇದ್ದ ಮನೆಯ ಹುಡುಗರಲ್ಲಿ ಹೆಚ್ಚು ಕಂಡಿತ್ತು. ಅಂಥವರಿಗೆ ಒಂದು ವರ್ಷದ ಓದು ಜಾಸ್ತಿ ಲಾಭ ಕೊಟ್ಟಿರಬಹುದು. ಆದರೆ ನಮ್ಮ ವ್ಯಾಪ್ತಿಯೊಳಗೆ 0.075 ಆರಾಮಾಗಿ ಕೂತಿದೆ. ಎರಡೂ ಬೇರೆ ಅನ್ನುವಷ್ಟು ಬಲ ಈ ಡೇಟಾಕ್ಕೆ ಇಲ್ಲ. ವರದಿಯಲ್ಲಿ ನಾನು ಬರೆಯುವುದೂ ಅಷ್ಟನ್ನೇ: ಫಸ್ಟ್ ಸ್ಟೇಜ್, ರೆಡ್ಯೂಸ್ಡ್ ಫಾರ್ಮ್, ಐವಿ, ಸಾಮಾನ್ಯ ರಿಗ್ರೆಷನ್ ನಾಲ್ಕನ್ನೂ ಒಂದೇ ಟೇಬಲ್‌ನಲ್ಲಿ ಇಟ್ಟು, ಕೆಳಗೆ ಆ ವ್ಯಾಪ್ತಿ.