ಕಾವಿಗೆ ಕೂತ ಹೇಂಟೆ: ಮೊಟ್ಟೆಯಿಂದ ಮರಿಯವರೆಗೆ

ಮೊಟ್ಟೆಯಿಟ್ಟಾಗಲೆಲ್ಲ ಕೇರಿಗೇ ಕೇಳುವಂತೆ ಕೂಗುತ್ತಿದ್ದ ಹೇಂಟೆ ಒಂದು ಬೆಳಿಗ್ಗೆ ಗೂಡು ಬಿಟ್ಟು ಏಳುವುದೇ ಇಲ್ಲ. ಹತ್ತಿರ ಹೋದರೆ ಗರಿ ಕೆದರಿಕೊಂಡು ತಟ್ಟೆಯಂತೆ ಅಗಲವಾಗುತ್ತದೆ, ಕೈ ಚಾಚಿದರೆ ಕುಟುಕುತ್ತದೆ, ಎತ್ತಿ ಅಂಗಳಕ್ಕೆ ಬಿಟ್ಟರೆ ‘ಕ್ಲಕ್ ಕ್ಲಕ್’ ಎಂದು ಗೊಣಗುತ್ತಾ ಮತ್ತೆ ಗೂಡಿಗೇ ಓಡುತ್ತದೆ. ಅದರ ಹೊಟ್ಟೆಯಡಿ ಬೆರಳಿಟ್ಟು ನೋಡಿದರೆ ಗರಿ ಉದುರಿ ಬರಿದಾದ ಚರ್ಮ ಬೆಚ್ಚಗೆ ತಗಲುತ್ತದೆ. ಇದನ್ನೇ ಕೋಳಿ ಕಾವಿಗೆ ಬಂದಿದೆ ಎನ್ನುವುದು. ನಾಟಿ ಕೋಳಿಗಳು ಸಾಮಾನ್ಯವಾಗಿ ಒಂದು ಸರದಿಯ ಮೊಟ್ಟೆ ಇಟ್ಟು ಮುಗಿಸಿದ ಮೇಲೆ ಈ ಸ್ಥಿತಿಗೆ ಬರುತ್ತವೆ. ಹೆಚ್ಚು ಮೊಟ್ಟೆಗಾಗಿಯೇ ಆಯ್ದು ಬೆಳೆಸಿದ ತಳಿಗಳಲ್ಲಿ ಈ ಗುಣ ಬಹುಮಟ್ಟಿಗೆ ಅಳಿಸಿಹೋಗಿರುವುದರಿಂದ, ಮರಿ ಮಾಡಿಸುವ ಆಸೆಯಿರುವವರ ಮನೆಯಲ್ಲಿ ಜವಾರಿ ಹೇಂಟೆಯೊಂದು ಇರಲೇಬೇಕು.

ಕಾವಿಗೆ ಬಂದ ಕೋಳಿಯೆಲ್ಲವೂ ಕೊನೆಯವರೆಗೆ ಕೂರುವುದಿಲ್ಲ. ಆದ್ದರಿಂದ ಮೊದಲ ಎರಡು ರಾತ್ರಿ ಬೇಡವಾದ ಒಂದೆರಡು ಮೊಟ್ಟೆಯನ್ನಿಟ್ಟು ಪರೀಕ್ಷಿಸಬೇಕು. ಮೂರನೆಯ ದಿನವೂ ಅದು ಗೂಡಿಗಂಟಿಕೊಂಡಿದ್ದರೆ ನಂಬಬಹುದು. ಮೈತುಂಬಿಕೊಂಡ, ಹಿಂದೊಮ್ಮೆ ಮರಿ ಮಾಡಿದ ಹೇಂಟೆಯಾದರೆ ಇನ್ನೂ ಒಳ್ಳೆಯದು. ಮೊಟ್ಟೆ ಎಷ್ಟೇ ಉತ್ತಮವಾಗಿದ್ದರೂ ನಡುವೆ ಎದ್ದುಹೋಗುವ ಕೋಳಿಯಿಂದ ಏನೂ ದಕ್ಕುವುದಿಲ್ಲವಾದ್ದರಿಂದ, ಮೊಟ್ಟೆಯನ್ನು ಆರಿಸುವುದಕ್ಕಿಂತ ಕೋಳಿಯನ್ನು ಆರಿಸುವುದರಲ್ಲಿ ಹೆಚ್ಚು ಹೊತ್ತು ಕಳೆಯಬೇಕೆಂಬುದು ನನ್ನ ಅಭಿಪ್ರಾಯ.

ಮೊಟ್ಟೆಯ ಆಯ್ಕೆ

ಅಂಗಡಿಯ ಫಾರಂ ಮೊಟ್ಟೆಯಿಂದ ಮರಿ ಬರುವುದಿಲ್ಲ, ಅಲ್ಲಿ ಹುಂಜವೇ ಇರುವುದಿಲ್ಲ. ಎಂಟು ಹತ್ತು ಹೇಂಟೆಗೆ ಒಂದು ಗಟ್ಟಿ ಹುಂಜವಿರುವ ಹಿತ್ತಿಲಿನ ಮೊಟ್ಟೆಯೇ ಬೇಕು. ಇಟ್ಟು ಏಳು ದಿನ ಮೀರದ, ಬಿರುಕಿಲ್ಲದ, ಅತಿ ದೊಡ್ಡದೂ ಅತಿ ಚಿಕ್ಕದೂ ಅಲ್ಲದ ಮೊಟ್ಟೆಗಳನ್ನು ಆರಿಸಿ, ಚೂಪು ತುದಿ ಕೆಳಗಾಗುವಂತೆ ತಂಪಾದ ಮೂಲೆಯಲ್ಲಿಡಬೇಕು. ತೊಳೆಯಬಾರದು, ಏಕೆಂದರೆ ಚಿಪ್ಪಿನ ಮೇಲಿನ ಸಹಜವಾದ ಲೇಪ ಹೋದರೆ ರೋಗಾಣುಗಳಿಗೆ ದಾರಿಯಾಗುತ್ತದೆ. ಫ್ರಿಜ್ಜಿನ ಚಳಿ ಭ್ರೂಣಕ್ಕೆ ಆಗದು. ಮಾರ್ಚ್‌ನಿಂದ ಮೇ ವರೆಗಿನ ಬಯಲುಸೀಮೆಯ ಸೆಕೆಯೂ ಆಗದು. ಆ ತಿಂಗಳುಗಳಲ್ಲಿ ಅಗಲ ಬಾಯಿಯ ಮಡಕೆಗೆ ಒದ್ದೆ ಮರಳು ತುಂಬಿ, ಅದರ ಮೇಲೆ ತೆಳು ಬಟ್ಟೆ ಹಾಸಿ ಮೊಟ್ಟೆ ಜೋಡಿಸಿಟ್ಟರೆ ಬೇಕಾದಷ್ಟು ತಂಪಿರುತ್ತದೆ.

ನಾಟಿ ಹೇಂಟೆಗೆ ಹತ್ತರಿಂದ ಹನ್ನೆರಡು ಮೊಟ್ಟೆ ಸಾಕು. ಎದೆಯಡಿ ಹಿಡಿಯದೆ ಹೊರಗುಳಿದ ಮೊಟ್ಟೆ ತಣ್ಣಗಾಗುತ್ತದೆ. ಹೇಂಟೆ ಅದನ್ನು ಒಳಕ್ಕೆಳೆದುಕೊಂಡಾಗ ಇನ್ನೊಂದು ಹೊರಕ್ಕೆ ಬರುತ್ತದೆ. ಹೀಗೆ ಸರದಿಯ ಮೇಲೆ ಎಲ್ಲವೂ ಕೆಡುತ್ತವೆ.

ಎಲ್ಲ ಮೊಟ್ಟೆಗಳನ್ನೂ ಒಂದೇ ದಿನ ಇಡಬೇಕು, ಪ್ರತಿಯೊಂದರ ಮೇಲೂ ಪೆನ್ಸಿಲ್ಲಿನಿಂದ ಗುರುತು ಹಾಕಬೇಕು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮೊದಲ ಸಲ ಮರಿ ಮಾಡಿಸಿದಾಗ ನಾನು ಗುರುತು ಹಾಕಿರಲಿಲ್ಲ, ಬೇರೆ ಹೇಂಟೆಗಳು ಅದೇ ಗೂಡಿಗೆ ಬಂದು ಮೊಟ್ಟೆಯಿಟ್ಟು ಹೋಗುವುದನ್ನು ಗಮನಿಸಿಯೂ ಇರಲಿಲ್ಲ. 21ನೆಯ ದಿನ ಏಳು ಮರಿಗಳು ಹೊರಬಂದವು. ಮರುದಿನ ತಾಯಿ ಅವುಗಳನ್ನು ಕರೆದುಕೊಂಡು ಗೂಡು ಬಿಟ್ಟಿತು. ಉಳಿದ ಐದರಲ್ಲಿ ಒಂದನ್ನು ಕಿವಿಗೆ ಹಿಡಿದಾಗ ಒಳಗಿನಿಂದ ಚಿಂವ್ ಎಂಬ ಸದ್ದು ಕೇಳುತ್ತಿತ್ತು. ಸಂಜೆಯ ಹೊತ್ತಿಗೆ ಅದೂ ನಿಂತಿತು.

ಗೂಡು

ಅಗಲ ಸುಮಾರು ಒಂದೂಕಾಲು ಅಡಿ, ಹೆಚ್ಚು ಆಳವಿಲ್ಲದ ಬಿದಿರಿನ ಮಂಕರಿ ಒಳ್ಳೆಯದು. ಆಳವಾದರೆ ಕೋಳಿ ಮೇಲಿನಿಂದ ಹಾರಿ ಕೂರುವಾಗ ಮೊಟ್ಟೆ ಒಡೆಯುತ್ತದೆ. ತಳಕ್ಕೆ ಜರಡಿ ಹಿಡಿದ ಒಣ ಮಣ್ಣು ಅಥವಾ ಬೂದಿ, ಮೇಲೆ ಹುಲ್ಲು, ನಡುವೆ ಬೋಗುಣಿಯಂತೆ ತುಸು ತಗ್ಗು. ಹೇನು, ಉಣ್ಣಿಗಳ ಕಾಟ ಕಾವು ಕೂತ ಕೋಳಿಗೆ ದೊಡ್ಡ ಶತ್ರು. ಕಡಿತ ತಾಳಲಾರದೆ ಎಷ್ಟೋ ಹೇಂಟೆಗಳು ಅರ್ಧಕ್ಕೇ ಎದ್ದುಬಿಡುತ್ತವೆ. ಆದಕಾರಣ ಕೂರಿಸುವ ಮೊದಲೇ ರೆಕ್ಕೆಯಡಿ, ಬಾಲದ ಬುಡವನ್ನು ನೋಡಿ, ಹೇನಿದ್ದರೆ ಪಶುವೈದ್ಯರು ಹೇಳಿದ ಔಷಧಿ ಹಚ್ಚಬೇಕು. ಹುಲ್ಲಿನ ನಡುವೆ ಬೇವಿನ ಎಲೆ ಅಥವಾ ಲಕ್ಕಿ ಸೊಪ್ಪು ಇಡುವ ವಾಡಿಕೆಯೂ ಇದೆ. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಮೊಳೆಯನ್ನೋ ಕಬ್ಬಿಣದ ಚೂರನ್ನೋ ಇಡುವವರೂ ಇದ್ದಾರೆ. ಅದರಿಂದ ಕೋಳಿಗೆ ತೊಂದರೆಯಿಲ್ಲ, ಮನೆಯ ಹಿರಿಯರಿಗೆ ಸಮಾಧಾನ. ಇಡುವುದಾದರೆ ಹುಲ್ಲಿನ ತಳದಲ್ಲಿಡಿ.

ಉಳಿದ ಕೋಳಿ, ನಾಯಿ, ಬೆಕ್ಕುಗಳ ಸುಳಿದಾಟವಿಲ್ಲದ, ಮಬ್ಬು ಬೆಳಕಿನ ಜಾಗಕ್ಕೆ ಹೇಂಟೆಯನ್ನು ಕತ್ತಲಾದ ಮೇಲೆಯೇ ಒಯ್ಯಬೇಕು. ಹಗಲಿನಲ್ಲಿ ಸಾಗಿಸಿದರೆ ಹಳೆಯ ಜಾಗಕ್ಕೇ ಓಡಿಹೋಗುತ್ತದೆ. ಹೆಗ್ಗಣ, ಮುಂಗುಸಿ, ಹಾವು ಒಳನುಗ್ಗದಂತೆ ಬಾಗಿಲಿಗೆ ಸಣ್ಣ ಕಣ್ಣಿನ ಜಾಲರಿ ಇರಲಿ.

21 ದಿನ

ಈ ಮೂರು ವಾರಗಳಲ್ಲಿ ಮನುಷ್ಯರು ಮಾಡಬೇಕಾದ ಕೆಲಸ ಬಹಳ ಕಡಿಮೆ, ಮಾಡಿ ಕೆಡಿಸುವ ಕೆಲಸ ಬಹಳ. ಬಿಸಿಯನ್ನು ಹದದಲ್ಲಿಡುವುದು, ದಿನಕ್ಕೆ ಹಲವು ಬಾರಿ ಕೊಕ್ಕಿನಿಂದ ಮೊಟ್ಟೆ ಹೊರಳಿಸುವುದು, ಅಂಚಿನದನ್ನು ನಡುವಿಗೆ ತರುವುದು, ಇವೆಲ್ಲ ಹೇಂಟೆಗೆ ಗೊತ್ತು. ಕೈಗೆಟಕುವ ದೂರದಲ್ಲಿ ನೀರು ಮತ್ತು ಜೋಳ, ರಾಗಿಯಂತಹ ಇಡಿ ಕಾಳು ಇಟ್ಟರೆ ಸಾಕು. ದಿನಕ್ಕೊಮ್ಮೆ ಅದು ಎದ್ದು ಬಂದು, ತಿಂದು, ಕುಡಿದು, ಮಣ್ಣಿನಲ್ಲಿ ಹೊರಳಾಡಿ, ಮೂಗು ಮುಚ್ಚಿಕೊಳ್ಳಬೇಕಾದಂತಹ ದೊಡ್ಡ ಹಿಕ್ಕೆ ಹಾಕಿ, ಕಾಲು ಗಂಟೆಯೊಳಗೆ ಮರಳುತ್ತದೆ. ಅಷ್ಟು ಹೊತ್ತು ಮೊಟ್ಟೆ ಆರಿದರೆ ಭಯವಿಲ್ಲ. ಎರಡು ದಿನವಾದರೂ ಏಳದಿದ್ದರೆ ಮಾತ್ರ, ರೆಕ್ಕೆಯಡಿ ಮೊಟ್ಟೆ ಸಿಕ್ಕಿಕೊಂಡಿಲ್ಲವೆಂದು ನೋಡಿಕೊಂಡು ಮೆಲ್ಲಗೆ ಎತ್ತಿ ಹೊರಗೆ ಬಿಡಿ.

ಏಳನೆಯ ರಾತ್ರಿ ಮೊಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಬಹುದು. ರಟ್ಟಿನ ಚೂರಿಗೆ ರೂಪಾಯಿ ನಾಣ್ಯದಷ್ಟು ತೂತು ಮಾಡಿ, ಹಿಂದಿನಿಂದ ಮೊಬೈಲಿನ ಟಾರ್ಚ್ ಹಚ್ಚಿ, ಮೊಟ್ಟೆಯ ದಪ್ಪ ತುದಿಯನ್ನು ತೂತಿಗೆ ಒತ್ತಿ ಹಿಡಿಯಿರಿ. ಜೇಡದ ಕಾಲಿನಂತೆ ಹರಡಿದ ಕೆಂಪು ನರಗಳು, ನಡುವೆ ಒಂದು ಕಪ್ಪು ಚುಕ್ಕೆ ಕಂಡರೆ ಅದು ಜೀವಂತ. ಏನೂ ಕಾಣದೆ ತಿಳಿಯಾಗಿ ಬೆಳಗಿದರೆ ಜೊಳ್ಳು, ತೆಗೆದುಬಿಡಿ. ಗುರುತಿಲ್ಲದ ಹೊಸ ಮೊಟ್ಟೆಗಳಿದ್ದರೆ ಅವನ್ನೂ ಆಗಲೇ ತೆಗೆಯಿರಿ. 14ನೆಯ ದಿನ ಇನ್ನೊಮ್ಮೆ ನೋಡಿ, 18ರ ನಂತರ ಮುಟ್ಟಲೇಬೇಡಿ.

ಕೊನೆಯ ದಿನ ದಪ್ಪ ತುದಿಯ ಬಳಿ ಚಿಪ್ಪು ನಕ್ಷತ್ರದಂತೆ ಬಿರಿಯುತ್ತದೆ. ಅಲ್ಲಿಂದ ಮರಿ ಪೂರ್ತಿ ಹೊರಬರಲು ಒಂದು ಹಗಲು ರಾತ್ರಿ ಹಿಡಿಯುವುದೂ ಉಂಟು. ಆಗ ಕನಿಕರದಿಂದ ಚಿಪ್ಪು ಸುಲಿಯಲು ಹೋಗುವವರೇ ಹೆಚ್ಚು. ಒಳಪೊರೆಯ ರಕ್ತನಾಳಗಳು ಬತ್ತುವ ಮೊದಲು, ಭಂಡಾರ (ಮೊಟ್ಟೆಯ ಹಳದಿ ಭಾಗ) ಮರಿಯ ಹೊಟ್ಟೆಯೊಳಗೆ ಸೇರುವ ಮೊದಲು ಹೀಗೆ ಸುಲಿದರೆ ರಕ್ತ ಸೋರಿ ಮರಿ ಸಾಯುತ್ತದೆ. ಆ ಭಂಡಾರದ ಬಲದಿಂದಲೇ ಮರಿಗಳು ಮೊದಲ ಎರಡು ದಿನ ಮೇವಿಲ್ಲದೆ ಇರಬಲ್ಲವು. ಆದ್ದರಿಂದ ಹೇಂಟೆ ತಾನಾಗಿ ಏಳುವವರೆಗೆ ಗೂಡನ್ನು ಕಲಕಬಾರದು.

ಮರಿಗಳ ಪಾಲನೆ

ನೀರನ್ನು ಬೆರಳಗಲ ಆಳದ ತಟ್ಟೆಯಲ್ಲಿಟ್ಟು ಬೆಣಚುಕಲ್ಲು ಹಾಕಿ. ಕಲ್ಲಿಲ್ಲದ ಬಟ್ಟಲಿನಲ್ಲಿ ಮರಿ ಮುಳುಗುತ್ತದೆ. ಮೇವಿಗೆ ಅಕ್ಕಿ ನುಚ್ಚು, ರಾಗಿ ಇದ್ದರೂ ಬೆಳವಣಿಗೆಗೆ ಅವಷ್ಟೇ ಸಾಲವು, ಮರಿಗಳಿಗೆಂದೇ ಸಿಗುವ ಸ್ಟಾರ್ಟರ್ ಮೇವನ್ನು ಬೆರೆಸಬೇಕು. ಗೆದ್ದಲು ಸಿಕ್ಕರೆ ಇನ್ನೂ ಉತ್ತಮ: ಹಳೆಯ ಮಡಕೆಗೆ ಸಗಣಿ, ಒದ್ದೆ ಗೋಣಿ, ಹುಲ್ಲು ತುಂಬಿ ಗೆದ್ದಲಿರುವ ಕಡೆ ಸಂಜೆ ಬೋರಲು ಹಾಕಿದರೆ ಬೆಳಿಗ್ಗೆ ಮರಿಗಳ ಊಟ ಸಿದ್ಧ. ಮಡಕೆ ಎತ್ತಿ ಕೊಡವಿದೊಡನೆ ತಾಯಿ ಒಂದು ಹುಳುವನ್ನು ಕೊಕ್ಕಿನಲ್ಲಿ ಎತ್ತಿ ಮತ್ತೆ ಮತ್ತೆ ನೆಲಕ್ಕೆ ಹಾಕುತ್ತಾ, ಬೇರೆಯದೇ ದನಿಯಲ್ಲಿ ಮರಿಗಳನ್ನು ಕರೆಯುತ್ತದೆ.

ಮೊದಲ ಎರಡು ವಾರ ಕಾಗೆ, ಗಿಡುಗ, ಬೆಕ್ಕುಗಳ ಹಾವಳಿ ಜಾಸ್ತಿಯಾದ್ದರಿಂದ ತಾಯಿಯನ್ನು ಮರಿಗಳೊಂದಿಗೆ ದೊಡ್ಡ ಪಂಜರದಡಿ ಇಟ್ಟು, ಬಿಸಿಲು ಇಳಿದ ಮೇಲೆ ಕಣ್ಣೆದುರಲ್ಲೇ ಮೇಯಲು ಬಿಡುವುದು ಲೇಸು. ನೆಲ ಒಣಗಿರಲಿ, ತೇವವಿದ್ದಲ್ಲಿ ರಕ್ತಭೇದಿ ಬರುತ್ತದೆ.

ಗಿಡುಗಕ್ಕಿಂತ ಹೆಚ್ಚು ಕೋಳಿಗಳನ್ನು ಒಯ್ಯುವುದು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಎಂಬ ಅಂಟುಜಾಡ್ಯ. ಒಂದು ವಾರದ ಮರಿಗೆ ಕಣ್ಣಿಗೋ ಮೂಗಿಗೋ ಲಸೋಟ ಲಸಿಕೆಯ ಒಂದು ಹನಿ, ಎಂಟು ವಾರದ ಆಸುಪಾಸಿನಲ್ಲಿ ಆರ್2ಬಿ ಚುಚ್ಚುಮದ್ದು ಹಾಕಿಸಬೇಕು. ಲಸಿಕೆಯ ಒಂದು ಸೀಸೆ ನೂರಾರು ಮರಿಗಳಿಗಾಗುವಷ್ಟಿರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಯಬೇಕು, ಮಂಜುಗಡ್ಡೆಯಲ್ಲೇ ತರಬೇಕು. ಹತ್ತು ಮರಿಗಾಗಿ ಒಬ್ಬರೇ ಇಷ್ಟೆಲ್ಲ ಮಾಡಲು ಯಾರೂ ಹೊರಡುವುದಿಲ್ಲ. ನಾಲ್ಕಾರು ಮನೆಯವರು ಮಾತಾಡಿಕೊಂಡು ಒಂದೇ ವಾರದಲ್ಲಿ ಕೋಳಿ ಕೂರಿಸಿದರೆ ಒಂದೇ ಸೀಸೆಯಲ್ಲಿ ಎಲ್ಲರ ಮರಿಗಳಿಗೂ ಲಸಿಕೆಯಾಗುತ್ತದೆ.

ಎರಡು ತಿಂಗಳು ಸಮೀಪಿಸಿದಾಗ, ಅದುವರೆಗೆ ರೆಕ್ಕೆಯಡಿ ಸೇರಿಸಿಕೊಳ್ಳುತ್ತಿದ್ದ ತಾಯಿಯೇ ಮರಿಗಳನ್ನು ಕುಕ್ಕಿ ದೂರ ಮಾಡತೊಡಗುತ್ತದೆ. ಜಗಳ ಬಿಡಿಸಲು ಹೋಗಬೇಡಿ. ಕೆಲವು ಸಂಜೆ ಮರಿಗಳು ಹಳೆಯ ಪಂಜರದ ಬಳಿಯೇ ಒತ್ತೊತ್ತಾಗಿ ಕೂತು ಚಿಂವ್‌ಗುಟ್ಟುತ್ತವೆ; ಹೇಂಟೆ ಮಾತ್ರ ಹುಂಜದ ಪಕ್ಕದ ಅಡ್ಡಗಳುವಿಗೆ ಹಾರಿರುತ್ತದೆ, ಅದರ ಜುಟ್ಟು ಮತ್ತೆ ಕೆಂಪೇರಿರುತ್ತದೆ.