ಶಾಂಪೇನ್ ಕೌಂಟರ ವಂಶವೃಕ್ಷ ಬರೆಯುವುದು ಹೇಗೆ

ಶಾಂಪೇನ್ ಫ್ರಾನ್ಸಿನ ಒಂದು ಸೀಮೆ; ಅದನ್ನಾಳಿದ ಒಡೆಯರೇ ಕೌಂಟರು. ಹಾಳೆಯ ಮೇಲ್ತುದಿಯಲ್ಲಿ 1152ರಲ್ಲಿ ತೀರಿಕೊಂಡ ತಿಬೋನನ್ನು ಬರೆಯಿರಿ. ಈತ ಬ್ಲ್ವಾ ಸೀಮೆಗೆ ನಾಲ್ಕನೆಯ ತಿಬೋ, ಶಾಂಪೇನ್‌ಗೆ ಎರಡನೆಯವನು. ಬರೀ ಅಂಕಿ ಹಾಕಿದರೆ ಒಬ್ಬನೇ ಇಬ್ಬರಾಗುತ್ತಾನೆ. ಸೀಮೆಯ ಹೆಸರೂ ಸಾವಿನ ವರ್ಷವೂ ಜೊತೆಗಿರಲಿ.

ಅವನ ಕೆಳಗೆ ಗಂಡುಮಕ್ಕಳ ಮೂರು ಕವಲು: ಹಿರಿಯ ಹೆನ್ರಿಗೆ ಶಾಂಪೇನ್, ತಿಬೋಗೆ ಬ್ಲ್ವಾ, ಎತಿಯೆನ್‌ಗೆ ಸಾನ್ಸೇರ್. ಹೆಣ್ಣುಮಕ್ಕಳನ್ನು ಬಿಡಬೇಡಿ. ಮಗಳು ಅದೆಲ್ 1160ರಲ್ಲಿ ಫ್ರಾನ್ಸಿನ ರಾಜ ಏಳನೇ ಲೂಯಿಯನ್ನು ಮದುವೆಯಾದಳು. ಹೆನ್ರಿಯ ಹೆಂಡತಿ ಮರಿ ಅದೇ ಲೂಯಿಯ ಮಗಳು. ಅಂದರೆ ಲೂಯಿ ಹೆನ್ರಿಗೆ ಮಾವನೂ ಹೌದು, ತಂಗಿಯ ಗಂಡನೂ ಹೌದು! ಇಂಥ ಕಡೆ ಚುಕ್ಕಿಗೆರೆ ಎಳೆಯಿರಿ.

ಕಷ್ಟ ಶುರುವಾಗುವುದು ಈ ಹೆನ್ರಿಯ ಮಗ ಎರಡನೇ ಹೆನ್ರಿಯಿಂದ. ಆತ ಕ್ರುಸೇಡಿಗೆ (ಕ್ರೈಸ್ತರ ಧರ್ಮಯುದ್ಧಕ್ಕೆ) ಹೋಗಿ, ಜೆರುಸಲೇಮಿನ ರಾಣಿ ಇಸಬೆಲಳನ್ನು ವರಿಸಿ, 1197ರಲ್ಲಿ ಅಲ್ಲಿನ ಅಕ್ರೆ ಪಟ್ಟಣದಲ್ಲಿ ಕಿಟಕಿಯಿಂದ ಬಿದ್ದು ಸತ್ತ. ಶಾಂಪೇನ್ ಸೀಮೆ ಅವನ ಹೆಣ್ಣುಮಕ್ಕಳಾದ ಆಲಿಸ್, ಫಿಲಿಪಾರಿಗೆ ಹೋಗದೆ ಅವನ ತಮ್ಮ, ಶಾಂಪೇನಿನ ಲೆಕ್ಕದಲ್ಲಿ ಮೂರನೇ ತಿಬೋಗೆ ಬಂತು. ಅವನೂ 1201ರಲ್ಲಿ ತೀರಿಕೊಂಡ. ಮಗ ನಾಲ್ಕನೇ ತಿಬೋ ಹುಟ್ಟಿದ್ದು ಆಮೇಲೆ. ತಾಯಿ ಬ್ಲಾಂಶ್ 1222ರವರೆಗೆ ಆಡಳಿತ ನಡೆಸಿದಳು. ಹೆನ್ರಿಯನ್ನು ಮದುವೆಯಾದಾಗ ಇಸಬೆಲಳ ಮೊದಲ ಗಂಡ ಇನ್ನೂ ಬದುಕಿದ್ದನೆಂಬ ತಕರಾರಿನಿಂದ ಹೆನ್ರಿಯ ಮಕ್ಕಳ ಹಕ್ಕು ಅಲುಗಾಡಿತ್ತು. ಆದರೂ ಫಿಲಿಪಾಳ ಗಂಡ ಎರಾರ್ ಯುದ್ಧವನ್ನೇ ಹೂಡಿದ. ಆಲಿಸ್ 1234ರಲ್ಲಿ 40,000 ಲೀವ್ರ್ (ಆಗಿನ ಫ್ರೆಂಚ್ ಹಣ) ಮತ್ತು ವರ್ಷಕ್ಕೆ 2,000 ಲೀವ್ರ್ ಆದಾಯಕ್ಕೆ ಒಪ್ಪಿ ಹಕ್ಕು ಬಿಟ್ಟಳು. ಈ ಇಬ್ಬರು ಹೆಣ್ಣುಮಕ್ಕಳ ಹೆಸರಿಲ್ಲದ ವೃಕ್ಷ ಅಪೂರ್ಣ.

ಇಸವಿ ಒಂದು ವರ್ಷ ತಪ್ಪಿದರೆ ಗಾಬರಿ ಬೇಡ. ಅಲ್ಲಿ ಹೊಸ ವರ್ಷವನ್ನು ಜನವರಿಯಿಂದಲ್ಲ, ಈಸ್ಟರ್ ಹಬ್ಬದಿಂದ ಎಣಿಸುವ ರೂಢಿಯಿತ್ತು. ಮೊದಲ ಹೆನ್ರಿ ಸತ್ತ 1181ರ ಮಾರ್ಚ್, ಈಸ್ಟರ್ ಇನ್ನೂ ಬಾರದ್ದರಿಂದ, ಆ ಲೆಕ್ಕದಲ್ಲಿ ಇನ್ನೂ 1180.